ಪಠ್ಯ ಬ್ರೌಸರ್ ತಮಾಷೆಗಲ್ಲ, ಕೆಲಸಕ್ಕೆ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಕಮಾಂಡ್ ಲೈನ್ ಕುರಿತು ಬಂದ ಬರಹ ಓದಿ ಸಂತೋಷವಾಯಿತು. ಆದೇಶ ಬರೆಯುವ ಟರ್ಮಿನಲ್ ಎಂಬ ಕರಿ ಪರದೆ ಕಂಡರೆ ಹೆದರಬೇಕಿಲ್ಲ ಎಂದು ಕನ್ನಡದಲ್ಲಿ ಹೇಳುವವರು ಇನ್ನಷ್ಟು ಜನ ಬೇಕು. ಆದರೆ ಅದೇ ಬರಹದ ಕೊನೆಗೆ, ಟರ್ಮಿನಲ್‌ನೊಳಗೆ ಜಾಲತಾಣ ತೆರೆಯುವ ಪಠ್ಯ ಬ್ರೌಸರ್‌ಗಳನ್ನು ಒಮ್ಮೆ ತಮಾಷೆಗೆ ನೋಡಿ ಬಿಡಬಹುದಾದ ಹಳೆಯ ವಸ್ತುವೆಂದು ಒಂದೇ ಸಾಲಿನಲ್ಲಿ ಬದಿಗೆ ಸರಿಸಲಾಗಿದೆ. ಈ ಪತ್ರ ಆ ಒಂದು ಸಾಲಿನ ಬಗ್ಗೆ. ಸರ್ವರ್ ನೋಡಿಕೊಳ್ಳುವವರಿಗೆ, ನಿಧಾನ ಸಂಪರ್ಕದಲ್ಲಿ ಓದುವವರಿಗೆ, ಜಾಲತಾಣ ಕಟ್ಟುವವರಿಗೆ ಇವು ಇವತ್ತಿಗೂ ದಿನನಿತ್ಯದ ಉಪಕರಣಗಳು. ಎಲ್ಲಿ ಉಪಯೋಗಕ್ಕೆ ಬರುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಖಚಿತವಾಗಿ ತಿಳಿದುಕೊಂಡರೆ ಸಾಕು.

ಮೊದಲು ಹೆಸರಿನ ಗೊಂದಲ ಬಗೆಹರಿಯಲಿ. ಎಲ್-ವೈ-ಎನ್-ಎಕ್ಸ್ ಎಂದು ಬರೆಯುವ ಬ್ರೌಸರ್ ಒಂದು. ಎಲ್-ಐ-ಎನ್-ಕೆ-ಎಸ್ ಎಂದು ಬರೆಯುವುದು ಇನ್ನೊಂದು. ಉಚ್ಚಾರ ಎರಡಕ್ಕೂ ಲಿಂಕ್ಸ್ ಎಂದೇ. ಫೋನಿನಲ್ಲಿ ಹೇಳಿಸಿಕೊಂಡು ತಪ್ಪಾದದ್ದನ್ನು ಹಾಕಿಕೊಂಡರೆ, ಒಂದರ ಕೀಲಿಗಳು ಇನ್ನೊಂದರಲ್ಲಿ ನಡೆಯದೆ ತಲೆ ಕೆಡುತ್ತದೆ. ಇಲ್ಲಿ ಲಿಂಕ್ಸ್ ಎಂದರೆ ಮೊದಲನೆಯದು. ಎರಡನೆಯದನ್ನು, ಕೆಲವು ಲಿನಕ್ಸ್ ವಿತರಣೆಗಳಲ್ಲಿ ಅದರ ಪ್ಯಾಕೇಜಿಗೆ ಇರುವ ಹೆಸರಿನಂತೆ, ಲಿಂಕ್ಸ್2 ಎಂದು ಕರೆಯೋಣ. ಕೆಳಗಿನ ಆದೇಶಗಳನ್ನೆಲ್ಲ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಬೇಕು. ದೊಡ್ಡಕ್ಷರವೇ ಬೇಕಾದಲ್ಲಿ ಹಾಗೆಂದು ಹೇಳಿದೆ.

ಇತಿಹಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾಲ ಹುಟ್ಟಿದ ಸರ್ನ್ ಪ್ರಯೋಗಾಲಯದಲ್ಲೇ ನಿಕೋಲಾ ಪೆಲ್ಲೋ ಬರೆದ ಲೈನ್ ಮೋಡ್ ಬ್ರೌಸರ್ ಬರೀ ಅಕ್ಷರಗಳದ್ದಾಗಿತ್ತು. ಯಾವ ಕಂಪ್ಯೂಟರಿನಲ್ಲಾದರೂ ಓಡಬೇಕೆಂಬುದೇ ಅದರ ಉದ್ದೇಶ. ಲಿಂಕ್ಸ್ 1992ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಇಂದಿಗೂ ಅಭಿವೃದ್ಧಿಯಲ್ಲಿರುವ ಬ್ರೌಸರ್‌ಗಳಲ್ಲಿ ಅದೇ ಹಿರಿಯದು. ಬಹುಕಾಲದಿಂದ ಅದನ್ನು ನೋಡಿಕೊಂಡು ಬಂದವರು ಥಾಮಸ್ ಡಿಕಿ. ಡಬ್ಲ್ಯು3ಎಮ್ 1995ರಲ್ಲಿ ಜಪಾನಿನ ಅಕಿನೋರಿ ಇತೋ ಅವರಿಂದ ಬಂತು. ಜಾಲವನ್ನು ನೋಡು ಎಂಬರ್ಥದ ಜಪಾನಿ ಮಾತೇ ಮೊಟಕಾಗಿ ಆ ಹೆಸರಾಗಿದೆ. ಲಿಂಕ್ಸ್2ರ ಮೂಲವನ್ನು 1999ರಲ್ಲಿ ಮಿಕುಲಾಷ್ ಪಾಟೋಚ್ಕಾ ಬರೆದರು, ಅದರಿಂದ 2001ರಲ್ಲಿ ಈಲಿಂಕ್ಸ್ ಕವಲೊಡೆಯಿತು.

ಇವುಗಳಲ್ಲಿ ಯಾವುದು ಬೇಕು? ಎರಡಿದ್ದರೆ ಸಾಕು. ಓದುವುದಕ್ಕೆ ಡಬ್ಲ್ಯು3ಎಮ್. ಪುಟವನ್ನು ಪಠ್ಯವಾಗಿ ಇಳಿಸಿಕೊಳ್ಳುವುದಕ್ಕೆ, ಕೊಂಡಿಗಳ ಪಟ್ಟಿ ತೆಗೆಯುವುದಕ್ಕೆ, ತಾಣದ ಒಳಗಟ್ಟು ಪರೀಕ್ಷಿಸುವುದಕ್ಕೆ ಲಿಂಕ್ಸ್. ಕಾರಣ ಸರಳ: ಕೋಷ್ಟಕಗಳನ್ನು ಡಬ್ಲ್ಯು3ಎಮ್ ಕಂಬ ಕಂಬವಾಗಿ ಜೋಡಿಸಿ ತೋರಿಸುತ್ತದೆ, ಲಿಂಕ್ಸ್ ಬಹುಮಟ್ಟಿಗೆ ಒಂದರ ಕೆಳಗೊಂದು ಸುರಿಯುತ್ತದೆ. ಆದರೆ ಸಂರಚನೆಗೆ ಲಿಂಕ್ಸ್‌ನಲ್ಲಿರುವಷ್ಟು ಆಯ್ಕೆಗಳು ಬೇರೆಡೆ ಇಲ್ಲ. ಈಲಿಂಕ್ಸ್‌ನಲ್ಲಿ ಟ್ಯಾಬ್, ಮೆನು ಎಲ್ಲ ಉಂಟು. ಇಷ್ಟವಾದವರು ಅದನ್ನೇ ಇಟ್ಟುಕೊಳ್ಳಲಿ.

ಡೆಬಿಯನ್, ಉಬುಂಟು ಬಳಸುವವರು ‘ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಲಿಂಕ್ಸ್ ಡಬ್ಲ್ಯು3ಎಮ್’ ಎಂದರೆ ಎರಡೂ ಬರುತ್ತವೆ. ಫೆಡೋರಾದಲ್ಲಿ ಆ್ಯಪ್ಟ್ ಬದಲು ಡಿಎನ್‌ಎಫ್, ಮ್ಯಾಕ್‌ನಲ್ಲಿ ಸುಡೊ ಇಲ್ಲದೆ ಬ್ರೂ. ವಿಂಡೋಸ್‌ನಲ್ಲಿ ಡಬ್ಲ್ಯುಎಸ್ಎಲ್ ಹಾಕಿಕೊಂಡು ಅದರೊಳಗಿನ ಲಿನಕ್ಸ್‌ನಲ್ಲಿ ನಡೆಸುವುದು ಸುಲಭದ ದಾರಿ. ಆಂಡ್ರಾಯ್ಡ್ ಫೋನಿನ ಟರ್ಮಕ್ಸ್‌ನಲ್ಲಿ ‘ಪಿಕೆಜಿ ಇನ್‌ಸ್ಟಾಲ್ ಡಬ್ಲ್ಯು3ಎಮ್’ ಸಾಕು.

ಅಭ್ಯಾಸಕ್ಕೆ ‘ಲಿಂಕ್ಸ್ ಎಕ್ಸಾಂಪಲ್.ಕಾಮ್’ ಎಂದು ಕೊಡಿ. ಅದು ಉದಾಹರಣೆಗಳಿಗೆಂದೇ ಕಾಯ್ದಿರಿಸಿದ ವಿಳಾಸ, ಪುಟದಲ್ಲಿ ನಾಲ್ಕು ಸಾಲು, ಒಂದು ಕೊಂಡಿ. ಲಿಂಕ್ಸ್‌ನಲ್ಲಿ ಕೆಳಬಾಣ ಮುಂದಿನ ಕೊಂಡಿಗೆ, ಮೇಲ್ಬಾಣ ಹಿಂದಿನ ಕೊಂಡಿಗೆ. ಬಲಬಾಣ ಅಥವಾ ಎಂಟರ್ ಒತ್ತಿದರೆ ಕೊಂಡಿ ತೆರೆಯುತ್ತದೆ, ಎಡಬಾಣ ವಾಪಸ್ ಕರೆತರುತ್ತದೆ. ಸ್ಪೇಸ್ ಒಂದು ಪರದೆ ಮುಂದಕ್ಕೆ, ಬಿ ಒಂದು ಪರದೆ ಹಿಂದಕ್ಕೆ. ಜಿ ಒತ್ತಿದರೆ ಹೊಸ ವಿಳಾಸ ಕೇಳುತ್ತದೆ. ದೊಡ್ಡ ಜಿ ಈಗಿರುವ ವಿಳಾಸವನ್ನೇ ತಿದ್ದಲು ಕೊಡುತ್ತದೆ. ಓರೆಗೆರೆ ಒತ್ತಿ ಪದ ಹುಡುಕಬಹುದು, ಎನ್ ಒತ್ತಿದರೆ ಅದೇ ಪದದ ಮುಂದಿನ ಜಾಗ. ಬ್ಯಾಕ್‌ಸ್ಲ್ಯಾಶ್ ಪುಟದ ಮೂಲ ಸಂಕೇತ ತೋರಿಸುತ್ತದೆ, ಮತ್ತೊಮ್ಮೆ ಒತ್ತಿದರೆ ಪುಟಕ್ಕೆ ಮರಳುತ್ತದೆ. ಸಮ ಚಿಹ್ನೆ ಒತ್ತಿದರೆ ಪುಟದ ವಿವರ. ಎಲ್ ಒತ್ತಿದರೆ ಪುಟದ ಕೊಂಡಿಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಪುಟ ಬರದೆ ಸಿಕ್ಕಿಕೊಂಡಿದ್ದರೆ ಝಡ್ ಒತ್ತಿ ನಿಲ್ಲಿಸಬಹುದು. ಕಂಟ್ರೋಲ್-ಝಡ್ ಮಾತ್ರ ಬೇಡ. ಅದು ಬ್ರೌಸರನ್ನೇ ಮಲಗಿಸಿ, ಆದೇಶಗಳನ್ನು ಓದಿ ನಡೆಸುವ ಶೆಲ್‌ಗೆ ತಂದು ಬಿಡುತ್ತದೆ. ಹಾಗಾದರೆ ‘ಎಫ್‌ಜಿ’ ಎಂದು ಬರೆದು ಎಂಟರ್ ಒತ್ತಿದರೆ ಮತ್ತೆ ಎದ್ದು ಬರುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ನಮೂನೆಯ ಚೌಕಗಳಲ್ಲಿ. ಹುಡುಕಾಟದ ಪುಟ ತೆರೆದ ಕೂಡಲೇ ಆಯ್ಕೆ ಪಠ್ಯದ ಚೌಕದ ಮೇಲೆ ಕುಳಿತಿರಬಹುದು. ಆಗ ಹೊರಹೋಗಲು ಕ್ಯೂ ಒತ್ತಿದರೆ ಚೌಕದೊಳಗೆ ಕ್ಯೂ ಅಕ್ಷರ ಮೂಡುತ್ತದೆ ಅಷ್ಟೆ, ಬ್ರೌಸರ್ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿಲ್ಲ, ಮೇಲ್ಬಾಣವೋ ಕೆಳಬಾಣವೋ ಒತ್ತಿ ಚೌಕದಿಂದ ಹೊರಬಂದರೆ ಕೀಲಿಗಳು ಮತ್ತೆ ಆದೇಶಗಳಾಗುತ್ತವೆ. ಇದು ಪದೇಪದೇ ಕಾಡಿದರೆ ಲಿಂಕ್ಸ್ ಶುರುಮಾಡುವಾಗಲೇ ‘-ಟಿಎನ್‌ಎ’ ಸೇರಿಸಿ. ಆಗ ಎಂಟರ್ ಒತ್ತಿ ಎಬ್ಬಿಸುವವರೆಗೆ ಪಠ್ಯದ ಚೌಕ ಸುಮ್ಮನಿರುತ್ತದೆ. ಕೈಪಿಡಿಗಳಲ್ಲಿ ಮೂಲೆಯಲ್ಲಿ ಬಿದ್ದಿರುವ ಈ ಆಯ್ಕೆಯನ್ನು ಮೊದಲ ದಿನವೇ ಹೇಳಿಕೊಡಬೇಕು.

ಡಬ್ಲ್ಯು3ಎಮ್‌ನ ನಡಿಗೆಯೇ ಬೇರೆ. ಅಲ್ಲಿ ಬಾಣದ ಕೀಲಿಗಳು ಕರ್ಸರನ್ನು ಅಕ್ಷರ ಅಕ್ಷರವಾಗಿ ಒಯ್ಯುತ್ತವೆ, ಕೊಂಡಿಯಿಂದ ಕೊಂಡಿಗೆ ಹಾರಲು ಟ್ಯಾಬ್. ತೆರೆಯಲು ಎಂಟರ್, ಹಿಂದಿರುಗಲು ದೊಡ್ಡ ಬಿ, ಹೊಸ ವಿಳಾಸಕ್ಕೆ ದೊಡ್ಡ ಯು. ಸಣ್ಣ ಯು ಒತ್ತಿದರೆ ಕರ್ಸರ್ ನಿಂತಿರುವ ಕೊಂಡಿ ಎಲ್ಲಿಗೆ ಹೋಗುತ್ತದೆ ಎಂಬುದು ಕೆಳಸಾಲಿನಲ್ಲಿ ಕಾಣುತ್ತದೆ. ಅನುಮಾನದ ಕೊಂಡಿ ತೆರೆಯುವ ಮುನ್ನ ಇದನ್ನು ಒತ್ತುವ ಅಭ್ಯಾಸ ಒಳ್ಳೆಯದು. ದೊಡ್ಡ ಟಿ ಹೊಸ ಟ್ಯಾಬ್ ತೆರೆಯುತ್ತದೆ, ದೊಡ್ಡ ಎಮ್ ಇದೇ ಪುಟವನ್ನು ಹೊರಗಿನ ಬ್ರೌಸರ್‌ಗೆ ಒಪ್ಪಿಸುತ್ತದೆ. ಪಠ್ಯದ ಚೌಕದ ಮೇಲೆ ಎಂಟರ್ ಒತ್ತಿದರೆ ಕೆಳಸಾಲಿನಲ್ಲಿ ಬರೆಯಲು ಜಾಗ ಸಿಗುತ್ತದೆ. ಹಲವು ಸಾಲಿನ ಚೌಕವಾದರೆ ಸಂಪಾದಕ ತಂತ್ರಾಂಶವೇ ತೆರೆದುಕೊಳ್ಳುತ್ತದೆ. ಬೇರೆ ಯಾವುದನ್ನೂ ನಿಗದಿಪಡಿಸಿರದಿದ್ದರೆ ಅದು ಸಾಮಾನ್ಯವಾಗಿ ವಿಐ. ಅಲ್ಲಿಂದ ಹೊರಬರುವ ದಾರಿ ತಿಳಿಯದೆ ಟರ್ಮಿನಲನ್ನೇ ಮುಚ್ಚುವವರಿದ್ದಾರೆ: ಎಸ್ಕೇಪ್ ಒತ್ತಿ, ವಿವರಣ ಚಿಹ್ನೆಯ ಎರಡು ಚುಕ್ಕಿ, ಡಬ್ಲ್ಯು, ಕ್ಯೂ, ಎಂಟರ್. ಬರೆದದ್ದು ಚೌಕಕ್ಕೆ ಬಂದು ಕೂರುತ್ತದೆ. ಇನ್ನೊಂದು ಮಾತು. ವಿಳಾಸ ಕೊಡದೆ ಬರೀ ‘ಡಬ್ಲ್ಯು3ಎಮ್’ ಎಂದರೆ ಅದು ಬಳಕೆಯ ಸೂಚನೆ ಮುದ್ರಿಸಿ ಮುಗಿಸಿಬಿಡುತ್ತದೆ. ಇದೂ ದೋಷವಲ್ಲ, ಅದರ ಸ್ವಭಾವ.

ಈಗ ಬ್ರೌಸರ್‌ಗೆ ಸಂಬಂಧವೇ ಇಲ್ಲದ, ಆದರೆ ಬೈಗುಳವೆಲ್ಲ ಬ್ರೌಸರ್‌ಗೇ ಬೀಳುವ ಒಂದು ತಪ್ಪು. ಬೇರೆ ಕಡೆಯಿಂದ ನಕಲು ಮಾಡಿದ ಉದ್ದನೆಯ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ & ಇರುವುದು ಸಾಮಾನ್ಯ. ಶೆಲ್‌ಗೆ & ಎಂದರೆ ಅಲ್ಲಿಯವರೆಗಿನ ಆದೇಶವನ್ನು ಹಿನ್ನೆಲೆಗೆ ಕಳುಹಿಸು ಎಂದರ್ಥ. ಹಾಗಾಗಿ ವಿಳಾಸ ಅರ್ಧಕ್ಕೆ ತುಂಡಾಗಿ, ಬ್ರೌಸರ್ ಹಿನ್ನೆಲೆಯಲ್ಲಿ ನಿಂತು, ಪರದೆಯ ಮೇಲೆ ಕೆಲಸದ ಸಂಖ್ಯೆ ಮಾತ್ರ ಉಳಿಯುತ್ತದೆ. ಝಡ್‌ಶೆಲ್ ಬಳಸುವವರಿಗೆ ಪ್ರಶ್ನಾರ್ಥಕ ಚಿಹ್ನೆಯೇ ತೊಡಕು. ಅದನ್ನು ಕಡತಗಳ ಹೆಸರಿನ ಮಾದರಿ ಎಂದು ತಿಳಿದು, ಹೊಂದುವ ಕಡತವಿಲ್ಲ ಎಂದು ನಿಂತುಬಿಡುತ್ತದೆ. ಎರಡಕ್ಕೂ ಮದ್ದು ಒಂದೇ: ವಿಳಾಸವನ್ನು ಯಾವಾಗಲೂ ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಿ.

ಪಠ್ಯ ಬ್ರೌಸರ್‌ನ ನಿಜವಾದ ಬಲ ಅದನ್ನು ತೆರೆದು ಕೂತು ಓದುವುದರಲ್ಲಿ ಅಷ್ಟಿಲ್ಲ, ತೆರೆಯದೆಯೇ ಕೆಲಸ ಮಾಡಿಸುವುದರಲ್ಲಿದೆ. ‘ಲಿಂಕ್ಸ್ -ಡಂಪ್ ವಿಳಾಸ’ ಎಂದರೆ ಪುಟ ಪಠ್ಯವಾಗಿ ಪರದೆಗೆ ಸುರಿದು ಆದೇಶ ಮುಗಿಯುತ್ತದೆ. ಕೊಂಡಿಗಳಿಗೆ ಚೌಕ ಕಂಸದೊಳಗೆ ಸಂಖ್ಯೆ, ಕೊನೆಗೆ ಆ ಸಂಖ್ಯೆಗಳ ವಿಳಾಸ ಪಟ್ಟಿ. ಪಟ್ಟಿ ಬೇಡವಾದರೆ ‘-ನೋಲಿಸ್ಟ್’ ಸೇರಿಸಿ, ಸಾಲಿನ ಅಗಲ ಬದಲಿಸಲು ‘-ವಿಡ್ತ್=72’. ಹೇಳದಿದ್ದರೆ 80 ಅಕ್ಷರಕ್ಕೆ ಸಾಲು ಮುರಿಯುತ್ತದೆ. ಕೊನೆಗೆ > ಹಾಕಿ ಕಡತದ ಹೆಸರು ಕೊಟ್ಟರೆ ಪುಟ ಪಠ್ಯ ಕಡತವಾಗಿ ಉಳಿಯುತ್ತದೆ. ಸಂಪರ್ಕವಿಲ್ಲದಾಗ ಓದಲು, ವರ್ಷಗಳ ಮೇಲೂ ತೆರೆಯಲು, ಎರಡು ದಿನದ ಪ್ರತಿಗಳನ್ನು ‘ಡಿಫ್’ ಆದೇಶದಿಂದ ಹೋಲಿಸಿ ಏನು ಬದಲಾಗಿದೆ ಎಂದು ನೋಡಲು ಇದಕ್ಕಿಂತ ಹಗುರ ವಿಧಾನ ಇಲ್ಲ.

ಪುಟದಲ್ಲಿ ಹತ್ತಾರು ಪಿಡಿಎಫ್‌ಗಳಿಗೆ ಕೊಂಡಿ ಇದೆ, ಎಲ್ಲವೂ ಬೇಕು ಎಂದಿಟ್ಟುಕೊಳ್ಳಿ. ‘ಲಿಂಕ್ಸ್ -ಡಂಪ್ -ಲಿಸ್ಟ್‌ಓನ್ಲಿ -ನೋನಂಬರ್ಸ್ ವಿಳಾಸ | ಗ್ರೆಪ್ ಪಿಡಿಎಫ್ | ಡಬ್ಲ್ಯುಗೆಟ್ -ಐ -’ ಎಂಬ ಒಂದೇ ಸಾಲು ಆ ಕೆಲಸ ಮುಗಿಸುತ್ತದೆ. ಮೊದಲ ಭಾಗ ಕೊಂಡಿಗಳನ್ನು ಮಾತ್ರ ಸಂಖ್ಯೆಯಿಲ್ಲದೆ ಕೊಡುತ್ತದೆ, ನಡುವಿನದು ಪಿಡಿಎಫ್ ಇರುವ ಸಾಲುಗಳನ್ನು ಸೋಸುತ್ತದೆ, ಕೊನೆಯದು ಒಂದೊಂದಾಗಿ ಇಳಿಸುತ್ತದೆ. ತುದಿಯ ಒಂಟಿ ಹೈಫನ್ ಮರೆಯಬೇಡಿ. ಪಟ್ಟಿಯನ್ನು ಕಡತದಿಂದಲ್ಲ, ಹಿಂದಿನ ಆದೇಶದ ಫಲವನ್ನು ಮುಂದಿನದಕ್ಕೆ ಕೊಡುವ ಲಂಬಗೆರೆಯಾದ ಪೈಪ್‌ನಿಂದ ಓದು ಎಂದು ಡಬ್ಲ್ಯುಗೆಟ್‌ಗೆ ಹೇಳುವುದೇ ಅದು. ಇಳಿಸುವ ಮುನ್ನ ಕೊನೆಯ ಭಾಗ ಬಿಟ್ಟು ಒಮ್ಮೆ ನಡೆಸಿ ಪಟ್ಟಿಯನ್ನು ಕಣ್ಣಾರೆ ನೋಡಿಕೊಳ್ಳಿ. ತಾಣದ ಮೇಲೆ ಹೊರೆ ಬೀಳದಂತೆ ‘-ಡಬ್ಲ್ಯು 2’ ಸೇರಿಸಿ ಎರಡೆರಡು ಸೆಕೆಂಡು ಬಿಡುವು ಕೊಡಿಸುವುದು ಸಭ್ಯತೆ.

ಬೇರೆ ಆದೇಶದಿಂದ ಬಂದ ಎಚ್‌ಟಿಎಂಎಲ್ ಅನ್ನು ಡಬ್ಲ್ಯು3ಎಮ್‌ಗೆ ಪೈಪ್ ಮಾಡುವಾಗ ‘-ಟಿ ಟೆಕ್ಸ್ಟ್/ಎಚ್‌ಟಿಎಂಎಲ್’ ಎಂಬುದನ್ನು ಬಿಡಬಾರದು. ಟಿ ಇಲ್ಲಿ ದೊಡ್ಡಕ್ಷರ. ಬಿಟ್ಟರೆ ಅದು ಬಂದದ್ದನ್ನು ಬರೀ ಪಠ್ಯವೆಂದು ಭಾವಿಸಿ ಟ್ಯಾಗ್‌ಗಳ ಸಮೇತ ಹಾಗೆಯೇ ತೋರಿಸುತ್ತದೆ. ಮಟ್‌ನಂಥ ಟರ್ಮಿನಲ್ ಇಮೇಲ್ ತಂತ್ರಾಂಶಗಳು ಎಚ್‌ಟಿಎಂಎಲ್ ಪತ್ರಗಳನ್ನು ಓದಿಸುವುದು ಸಾಮಾನ್ಯವಾಗಿ ಇದೇ ಬಗೆಯಲ್ಲಿ.

ಪರದೆಯಿಲ್ಲದ ಸರ್ವರ್‌ನಲ್ಲಿ ಇವುಗಳ ಬೆಲೆ ತಿಳಿಯುತ್ತದೆ. ಮುದ್ರಕ ವ್ಯವಸ್ಥೆ ಕಪ್ಸ್‌ನ ನಿರ್ವಹಣಾ ಪುಟ 631ನೇ ಪೋರ್ಟ್‌ನಲ್ಲಿ, ಸಾಮಾನ್ಯವಾಗಿ ಆ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಎಸ್‌ಎಸ್‌ಎಚ್ ಎಂಬ, ದೂರದ ಯಂತ್ರವನ್ನು ಸುರಕ್ಷಿತವಾಗಿ ತಲುಪಿಸುವ ಸಾಧನದ ಮೂಲಕ ಒಳಹೊಕ್ಕು ‘ಡಬ್ಲ್ಯು3ಎಮ್ ಲೋಕಲ್‌ಹೋಸ್ಟ್:631’ ಎಂದರೆ ಪುಟ ಅಲ್ಲೇ ತೆರೆಯುತ್ತದೆ, ಹೊರಗಿನವರಿಗೆ ಪೋರ್ಟ್ ತೆರೆಯುವ ಅಪಾಯ ಇಲ್ಲ. ವೈಫೈ ಬಳಸುವ ಮುನ್ನ ಒಪ್ಪಿಗೆಯ ಗುಂಡಿ ಒತ್ತಿಸುವ ಪುಟಗಳನ್ನೂ, ಅವು ಸರಳ ನಮೂನೆಯಾಗಿದ್ದರೆ, ಹೀಗೇ ದಾಟಬಹುದು. ಎಸ್‌ಎಸ್‌ಎಚ್ ಸಾಲಿನಲ್ಲೇ ಬ್ರೌಸರ್ ಹೆಸರನ್ನೂ ಕೊಡುವವರು ‘-ಟಿ’ ಸೇರಿಸಬೇಕು (ಈ ಬಾರಿ ಸಣ್ಣಕ್ಷರ), ಇಲ್ಲವಾದರೆ ಆಚೆ ಬದಿಯಲ್ಲಿ ಟರ್ಮಿನಲ್ಲೇ ಸಿಗದೆ ಬ್ರೌಸರ್ ನಡೆಯುವುದಿಲ್ಲ. ಹೊಸ ಬಗೆಯ ಟರ್ಮಿನಲ್‌ನಿಂದ ಹಳೆಯ ಸರ್ವರ್‌ಗೆ ಹೋದಾಗ ಟರ್ಮಿನಲ್ ತೆರೆಯಲಾಗಲಿಲ್ಲ ಎಂಬ ದೂರು ಬಂದರೆ, ಆ ಟರ್ಮಿನಲ್‌ನ ವಿವರ ಸರ್ವರ್‌ನಲ್ಲಿ ಇಲ್ಲ ಎಂದರ್ಥ. ‘ಎಕ್ಸ್‌ಪೋರ್ಟ್ ಟರ್ಮ್=ಎಕ್ಸ್‌ಟರ್ಮ್’ ಎಂದು ಕೊಟ್ಟು ಮತ್ತೆ ನಡೆಸಿ; ಇಲ್ಲಿ ಸಮ ಚಿಹ್ನೆಯ ಎಡಗಡೆಯ ಟರ್ಮ್ ಎಂಬುದಷ್ಟೇ ಪೂರ್ತಿ ದೊಡ್ಡಕ್ಷರಗಳಲ್ಲಿ.

ತಾಣದ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರದ ದೋಷ ಕಂಡಾಗ ಲಿಂಕ್ಸ್ ಮುಂದುವರಿಯಲೇ ಎಂದು ಕೇಳುತ್ತದೆ. ವೈ ಒತ್ತುವ ಮುನ್ನ ಮೂರು ವಿಷಯ ನೋಡಿ. ಯಂತ್ರದ ಗಡಿಯಾರ ಸರಿಯಿದೆಯೇ? ದಿನಾಂಕ ವರ್ಷಗಟ್ಟಲೆ ಹಿಂದಿದ್ದರೆ ಸರಿಯಾದ ಪ್ರಮಾಣಪತ್ರವೂ ಇನ್ನೂ ಜಾರಿಗೆ ಬರದಂತೆ ಕಾಣುತ್ತದೆ. ಪ್ರಮಾಣಪತ್ರ ಕೊಡುವ ನಂಬಿಕಸ್ಥ ಸಂಸ್ಥೆಗಳ ಪಟ್ಟಿಯಿರುವ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜ್ ಇದೆಯೇ? ಕನಿಷ್ಠ ಮಟ್ಟದ ಸ್ಥಾಪನೆಗಳಲ್ಲಿ, ಕಂಟೇನರ್‌ಗಳಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ. ಬ್ರೌಸರ್ ತೀರ ಹಳೆಯದೇ? ‘ಲಿಂಕ್ಸ್ -ವರ್ಷನ್’ ಎಂದರೆ ಸಂಪರ್ಕವನ್ನು ಗೂಢಲಿಪಿಯಾಗಿಸುವ ಯಾವ ಟಿಎಲ್‌ಎಸ್ ಗ್ರಂಥಾಲಯದೊಂದಿಗೆ ಕಟ್ಟಿದ್ದು ಎಂದು ಹೇಳುತ್ತದೆ. ಹಳತಾದರೆ ಇಂದಿನ ತಾಣಗಳೊಂದಿಗೆ ಸುರಕ್ಷಿತ ಸಂಪರ್ಕವೇ ಕೂಡಿಬರುವುದಿಲ್ಲ. ಈ ಮೂರೂ ಸರಿಯಿದ್ದು ದೋಷ ಉಳಿದರೆ, ಪಾಸ್‌ವರ್ಡ್ ಕೊಡಬೇಕಾದ ತಾಣದಲ್ಲಿ ವೈ ಒತ್ತಲೇಬಾರದು.

ಕೆಲವು ತಾಣಗಳು ಲಿಂಕ್ಸ್‌ಗೆ ಮಾತ್ರ 403 ಎಂಬ ನಿರಾಕರಣೆ ಕೊಡುತ್ತವೆ. ಕಾರಣ ವಿಚಿತ್ರವಾದದ್ದು. ಲಿಂಕ್ಸ್ ತನ್ನ ಪರಿಚಯ ಹೇಳಿಕೊಳ್ಳುವ ಸಾಲಿನಲ್ಲಿ ತಾನು ಬಳಸುವ ಗ್ರಂಥಾಲಯದ ಹೆಸರನ್ನೂ, ಅಂದರೆ ಲಿಬ್ ಎಂದು ಬರೆದು ಮೂರು ಡಬ್ಲ್ಯು ಸೇರಿಸಿದ್ದನ್ನೂ ಹೇಳುತ್ತದೆ. ಪುಟಗಳನ್ನು ಸಾಮೂಹಿಕವಾಗಿ ಕದ್ದೊಯ್ಯುವ ಯಂತ್ರಗಳನ್ನು ತಡೆಯಲು ಬರೆದ ನಿಯಮಗಳು ಆ ಹೆಸರು ಕಂಡ ಕೂಡಲೇ ಬಾಗಿಲು ಹಾಕುತ್ತವೆ. ‘-ಯೂಸರ್‌ಏಜೆಂಟ್=ಲಿಂಕ್ಸ್’ ಎಂದು (ಹೆಸರಿನ ಮೊದಲ ಅಕ್ಷರ ದೊಡ್ಡದು) ಪರಿಚಯವನ್ನು ಚಿಕ್ಕದಾಗಿಸಿದರೆ ಇಂಥ ಕಡೆ ಪುಟ ತೆರೆದುಕೊಳ್ಳುತ್ತದೆ. ಬೇರೆ ಬ್ರೌಸರ್ ಎಂದು ಸುಳ್ಳು ಹೇಳುವ ಅಗತ್ಯವಿಲ್ಲ. ಕುಕಿಗಳ ಪ್ರಶ್ನೆ ಪ್ರತಿ ಪುಟಕ್ಕೂ ಬಂದು ಬೇಸರವಾದರೆ ಎ ಒತ್ತಿ. ಆ ತಾಣಕ್ಕೆ ಮತ್ತೆ ಕೇಳುವುದಿಲ್ಲ. ವಿ ಒತ್ತಿದರೆ ಆ ತಾಣದ್ದನ್ನು ಎಂದೂ ಸ್ವೀಕರಿಸುವುದಿಲ್ಲ.

ಇವೆಲ್ಲ ದಾಟಬಹುದಾದ ಅಡ್ಡಿಗಳು. ದಾಟಲಾಗದ್ದು ಜಾವಾಸ್ಕ್ರಿಪ್ಟ್, ಅಂದರೆ ಪುಟದೊಂದಿಗೆ ಬಂದು ಬ್ರೌಸರ್ ಒಳಗೇ ನಡೆಯುವ ಪ್ರೋಗ್ರಾಂ. ಲಿಂಕ್ಸ್, ಡಬ್ಲ್ಯು3ಎಮ್ ಎರಡೂ ಅದನ್ನು ನಡೆಸುವುದೇ ಇಲ್ಲ. ಈಲಿಂಕ್ಸ್‌ನಲ್ಲಿ ಇರುವ ಬೆಂಬಲ ಅಲ್ಪ. ಸರ್ವರ್ ಖಾಲಿ ಚೌಕಟ್ಟನ್ನಷ್ಟೇ ಕಳುಹಿಸಿ, ಒಳಗಿನ ವಿಷಯವನ್ನೆಲ್ಲ ಬ್ರೌಸರ್‌ನಲ್ಲಿ ಸ್ಕ್ರಿಪ್ಟ್ ತುಂಬುವ ತಾಣಗಳಲ್ಲಿ ಪಠ್ಯ ಬ್ರೌಸರ್‌ಗೆ ಕಾಣುವುದು ಶೀರ್ಷಿಕೆ ಮತ್ತು ಜಾವಾಸ್ಕ್ರಿಪ್ಟ್ ಸಕ್ರಿಯಗೊಳಿಸಿ ಎಂಬ ಒಂದು ಸಾಲು. ಮನುಷ್ಯರೇ ಎಂದು ಪರೀಕ್ಷಿಸುವ ಚಿತ್ರದ ಒಗಟುಗಳು, ಬ್ಯಾಂಕ್ ಲಾಗಿನ್, ನಕ್ಷೆ, ವಿಡಿಯೊ ಇಲ್ಲಿ ಆಗುವ ಕೆಲಸವಲ್ಲ. ಪ್ರಯತ್ನಿಸಿ ಸಮಯ ಕಳೆಯಬೇಡಿ. 2025ರ ಜನವರಿಯಿಂದ ಗೂಗಲ್ ಹುಡುಕಾಟವೂ ಜಾವಾಸ್ಕ್ರಿಪ್ಟ್ ಕೇಳುತ್ತಿದೆ. ಡಕ್‌ಡಕ್‌ಗೋ ತನ್ನ ಲೈಟ್ ಎಂಬ ಪುಟವನ್ನು ಬರೀ ಎಚ್‌ಟಿಎಂಎಲ್‌ನಲ್ಲಿ ಇಟ್ಟಿದೆ, ಪಠ್ಯ ಬ್ರೌಸರ್‌ಗೆ ಅದು ಸರಿಹೊಂದುತ್ತದೆ. ವಿಕಿಪೀಡಿಯದ ಲೇಖನಗಳನ್ನೂ ಸ್ಕ್ರಿಪ್ಟ್ ಇಲ್ಲದೆ ಪೂರ್ತಿ ಓದಬಹುದು.

ಟರ್ಮಿನಲ್‌ನಲ್ಲೇ ಜಾವಾಸ್ಕ್ರಿಪ್ಟ್ ಬೇಕೇಬೇಕು ಎನ್ನುವವರಿಗೆ 2018ರಲ್ಲಿ ಬಂದ ಬ್ರೌಶ್ ಇದೆ. ಅದು ಫೈರ್‌ಫಾಕ್ಸನ್ನು ಹಿಂದೆ ಅದೃಶ್ಯವಾಗಿ ನಡೆಸಿ, ಪುಟವನ್ನು ಅಕ್ಷರ ಮತ್ತು ಬಣ್ಣದ ಚೌಕಗಳಾಗಿ ಟರ್ಮಿನಲ್‌ಗೆ ತರುತ್ತದೆ. ಕ್ರೋಮಿಯಂ ಆಧಾರದ ಕಾರ್ಬನಿಲ್ ಕೂಡ ಇದೇ ಜಾತಿ. ದೂರದ ದೊಡ್ಡ ಸರ್ವರ್‌ನಲ್ಲಿ ನಡೆಸಿ ನಿಧಾನ ಸಂಪರ್ಕದಲ್ಲಿ ಫಲಿತಾಂಶ ಮಾತ್ರ ನೋಡುವುದಾದರೆ ಇವು ಸರಿ. ಸಣ್ಣ ಯಂತ್ರದಲ್ಲೇ ನಡೆಸಿದರೆ ಪೂರ್ತಿ ಬ್ರೌಸರ್‌ನ ಭಾರವನ್ನೇ ಹೊರುತ್ತವೆ. ಎಸ್‌ಎಸ್‌ಎಚ್ ಇದ್ದಾಗ ‘-ಎಲ್ 8080:ಲೋಕಲ್‌ಹೋಸ್ಟ್:80’ ಎಂದು (ಎಲ್ ದೊಡ್ಡಕ್ಷರ) ಪೋರ್ಟ್ ದಾಟಿಸಿಕೊಂಡು, ಸರ್ವರ್‌ನ ಪುಟವನ್ನು ನಮ್ಮದೇ ಚಿತ್ರಾತ್ಮಕ ಬ್ರೌಸರ್‌ನಲ್ಲಿ ತೆರೆಯುವುದು ಎಷ್ಟೋ ವಾಸಿ.

ಕನ್ನಡದ ಮಾತಿಗೆ ಬರೋಣ, ಏಕೆಂದರೆ ನಿಮ್ಮ ಓದುಗರು ಮೊದಲು ತೆರೆಯುವುದು ಕನ್ನಡ ಪುಟವನ್ನೇ. ಟರ್ಮಿನಲ್ ಎಂಬುದು ಸಮ ಅಗಲದ ಚೌಕಗಳ ಜಾಲರಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ ಅದು ಬೆಳೆದಿದೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ. ಯೂನಿಕೋಡ್‌ನಲ್ಲಿ ಅದು ಸಕಾರ, ಹಲಂತ, ತಕಾರ, ಹಲಂತ, ರಕಾರ, ಈ ಸ್ವರದ ಗುರುತು ಎಂಬ 6 ಬಿಡಿ ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಅದು ಎಷ್ಟು ಚೌಕ ತಿನ್ನುತ್ತದೆ ಎಂದು ಬ್ರೌಸರ್ ಒಂದು ಲೆಕ್ಕ ಹಾಕುತ್ತದೆ, ಟರ್ಮಿನಲ್ ಇನ್ನೊಂದು, ಫಾಂಟ್ ಮತ್ತೊಂದು. ಲೆಕ್ಕ ತಪ್ಪಿದ ಕಡೆ ಒತ್ತಕ್ಷರ ಪಕ್ಕಕ್ಕೆ ಸರಿಯುತ್ತದೆ, ಸಾಲಿನ ತುದಿ ಕತ್ತರಿಸುತ್ತದೆ, ಕೊಂಡಿ ಬದಲಿಸಿದಾಗ ಹಳೆಯ ಅಕ್ಷರದ ಚೂರುಗಳು ಪರದೆಯಲ್ಲೇ ಉಳಿಯುತ್ತವೆ. ಚೂರುಗಳನ್ನು ಅಳಿಸಲು ಎರಡೂ ಬ್ರೌಸರ್‌ಗಳಲ್ಲಿ ಕಂಟ್ರೋಲ್-ಎಲ್ ಇದೆ. ಆದರೆ ಮೂಲ ತೊಂದರೆ ಟರ್ಮಿನಲ್‌ನದು. ಬ್ರೌಸರ್ ಬದಲಿಸಿ ಫಲವಿಲ್ಲ, ಟರ್ಮಿನಲ್ ಬದಲಿಸಬೇಕು. ಭಾರತೀಯ ಲಿಪಿಗಳನ್ನು ಜೋಡಿಸಿ ತೋರಿಸುವ ಸೌಲಭ್ಯ ಎಂಎಲ್‌ಟರ್ಮ್‌ನಲ್ಲಿದೆ. ಇನ್ನು ಚಿತ್ರಾತ್ಮಕ ಪರಿಸರವೇ ಇಲ್ಲದ ಲಿನಕ್ಸ್ ಕನ್ಸೋಲ್‌ನಲ್ಲಿ ಕನ್ನಡ ಬರುವುದಿಲ್ಲ. ಅದರ ಫಾಂಟ್‌ನಲ್ಲಿ ಗರಿಷ್ಠ 512 ಆಕೃತಿಗಳಿಗೆ ಮಾತ್ರ ಜಾಗ, ಅಕ್ಷರ ಜೋಡಿಸುವ ವ್ಯವಸ್ಥೆಯೂ ಇಲ್ಲ.

ಒತ್ತಕ್ಷರ ಸರಿಯುವುದು ಬೇರೆ, ಅಕ್ಷರವೇ ಬಾರದೆ ಪ್ರಶ್ನಾರ್ಥಕ ಚಿಹ್ನೆಗಳೋ ಸಂಕೇತಗಳೋ ಬರುವುದು ಬೇರೆ. ಎರಡನೆಯದಾದರೆ ‘ಲೊಕೇಲ್’ ಎಂದು ಟೈಪ್ ಮಾಡಿ ಯುಟಿಎಫ್-8 ಎಂದಿದೆಯೇ ನೋಡಿ. ಇದ್ದೂ ಬಾರದಿದ್ದರೆ ಲಿಂಕ್ಸ್‌ಗೆ ‘-ಡಿಸ್‌ಪ್ಲೇ_ಚಾರ್‌ಸೆಟ್=ಯುಟಿಎಫ್-8’ ಕೊಡಿ. ಡಬ್ಲ್ಯು3ಎಮ್‌ನಲ್ಲಿ ಓ ಒತ್ತಿ, ಆಯ್ಕೆಗಳ ಪುಟದಲ್ಲಿ ಪ್ರದರ್ಶನದ ಅಕ್ಷರ ಸಂಕೇತ ಬದಲಿಸಿ. ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ ಕಂಡರೆ ಆ ಪುಟ ಯೂನಿಕೋಡ್‌ಗೆ ಮುಂಚಿನ ಫಾಂಟ್ ಸಂಕೇತದಲ್ಲಿ ಬರೆದದ್ದು. ಪರಿವರ್ತಕ ಬಳಸದೆ ಯಾವ ಪಠ್ಯ ಬ್ರೌಸರ್‌ಗೂ ಅದು ಬಗ್ಗುವುದಿಲ್ಲ.

ಕನ್ನಡ ಪದ ಹುಡುಕುವಾಗ ಇನ್ನೊಂದು ಸೂಕ್ಷ್ಮ. ‘ಸರ್ವರ್‌ನಲ್ಲಿ’ ಎಂಬಂಥ ಪದದ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ನಾವು ಟೈಪ್ ಮಾಡಿದ್ದರಲ್ಲಿ ಅದಿಲ್ಲದಿದ್ದರೆ ಕಣ್ಣೆದುರೇ ಇರುವ ಪದವೂ ಸಿಗಲಿಲ್ಲ ಎನ್ನುತ್ತದೆ. ವಿಭಕ್ತಿ ಪ್ರತ್ಯಯ ಬಿಟ್ಟು ಮೂಲಪದವನ್ನಷ್ಟೇ ಹುಡುಕಿದರೆ ಸಿಗುತ್ತದೆ. ಹಾಗೆಯೇ ವಿಳಾಸದಲ್ಲಿ ಕನ್ನಡ ಇದ್ದರೆ ಅದು ಶೇಕಡಾ ಚಿಹ್ನೆಗಳ ಸರಪಣಿಯಾಗುತ್ತದೆ: ‘ಕನ್ನಡ’ ಎಂಬ ಪದದ 5 ಸಂಕೇತ 15 ಬೈಟ್ ಆಗಿ, ವಿಳಾಸದಲ್ಲಿ 45 ಅಕ್ಷರವಾಗಿ ನಿಲ್ಲುತ್ತದೆ. ಅದನ್ನು ಕೈಯಿಂದ ಟೈಪ್ ಮಾಡಲು ಹೋಗದೆ ಚಿತ್ರಾತ್ಮಕ ಬ್ರೌಸರ್‌ನಿಂದ ನಕಲು ಮಾಡಿ ಅಂಟಿಸಿ.

ಟರ್ಮಿನಲ್ ಕನ್ನಡವನ್ನು ಎಷ್ಟೇ ಹರಿದು ತೋರಿಸಿದರೂ, ಡಂಪ್ ಮಾಡಿದ ಕಡತದೊಳಗೆ ಪಠ್ಯ ಸರಿಯಾಗಿಯೇ ಇರುತ್ತದೆ. ಅದನ್ನು ಯಾವುದೇ ಸಂಪಾದಕದಲ್ಲಿ ತೆರೆದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಓದಿಸಿ ಕೇಳಲೂಬಹುದು: ‘ಲಿಂಕ್ಸ್ -ಡಂಪ್ -ನೋಲಿಸ್ಟ್ ವಿಳಾಸ | ಈಸ್ಪೀಕ್-ಎನ್‌ಜಿ -ವಿ ಕೆಎನ್’. ದನಿ ಯಾಂತ್ರಿಕ, ಆದರೆ ಸ್ಪಷ್ಟ, ಮತ್ತು ಇಂಟರ್ನೆಟ್ ಬೇಕಾಗುವುದು ಪುಟ ತರುವುದಕ್ಕೆ ಮಾತ್ರ. ದೃಷ್ಟಿದೋಷವುಳ್ಳವರು ಕನ್ಸೋಲ್ ಸ್ಕ್ರೀನ್ ರೀಡರ್‌ನೊಂದಿಗೆ ಲಿಂಕ್ಸ್ ಬಳಸುವಾಗ ‘-ಶೋ_ಕರ್ಸರ್’ ಸೇರಿಸಬೇಕು. ಇಲ್ಲವಾದರೆ ಕರ್ಸರ್ ಪರದೆಯ ಬಲಮೂಲೆಯಲ್ಲಿ ಅಡಗಿ ಕೂತು, ಓದುವ ತಂತ್ರಾಂಶಕ್ಕೆ ಈಗ ಯಾವ ಕೊಂಡಿ ಆಯ್ಕೆಯಾಗಿದೆ ಎಂಬುದೇ ತಿಳಿಯುವುದಿಲ್ಲ.

ಸುರಕ್ಷತೆಯ ಬಗ್ಗೆ ಎರಡೇ ಮಾತು. ಸ್ಕ್ರಿಪ್ಟ್ ನಡೆಯದ ಕಾರಣ ಬೆನ್ನುಹತ್ತುವ ತುಣುಕುಗಳು ಹೆಚ್ಚಿನವು ಇಲ್ಲಿ ಸುಮ್ಮನಾಗುತ್ತವೆ, ನಿಜ. ಆದರೆ ನಿಮ್ಮ ಐಪಿ ವಿಳಾಸ ಸರ್ವರ್‌ಗೆ ಕಂಡೇ ಕಾಣುತ್ತದೆ, ಇದು ಮರೆಮಾಚುವ ಸಾಧನ ಅಲ್ಲ. ಹಳೆಯ ಆವೃತ್ತಿಗಳನ್ನೂ ನಂಬಬಾರದು. ವಿಳಾಸದ ಒಳಗೇ ಬಳಕೆದಾರ ಹೆಸರು, ಪಾಸ್‌ವರ್ಡ್ ಬರೆದು ತೆರೆದರೆ ಅವು ಗೂಢಲಿಪಿಯಾಗದೆ ಹೊರಬೀಳಬಹುದಾದ ದೋಷವೊಂದು ಲಿಂಕ್ಸ್‌ನಲ್ಲಿ 2021ರಲ್ಲಿ ಬಯಲಾಗಿ ಸರಿಪಡಿಸಲ್ಪಟ್ಟಿತು. ಪ್ಯಾಕೇಜ್ ನವೀಕರಿಸಿ, ಪಾಸ್‌ವರ್ಡನ್ನು ವಿಳಾಸದಲ್ಲಿ ಬರೆಯುವ ಅಭ್ಯಾಸವನ್ನಂತೂ ಬಿಡಿ.

ಕೊನೆಯದಾಗಿ ನಿಮ್ಮ ಪತ್ರಿಕೆಯ ಜಾಲತಾಣ ನೋಡಿಕೊಳ್ಳುವವರಲ್ಲಿ, ಹಾಗೆಯೇ ಕನ್ನಡದಲ್ಲಿ ತಾಣ ಕಟ್ಟುವ ಎಲ್ಲರಲ್ಲಿ ಒಂದು ಮನವಿ. ಮುಖಪುಟವನ್ನೂ ಯಾವುದಾದರೊಂದು ಸುದ್ದಿಯ ಪುಟವನ್ನೂ ‘ಲಿಂಕ್ಸ್ -ಡಂಪ್’ ಮಾಡಿ ನೋಡಿ. ಸುದ್ದಿಯ ಪಠ್ಯವೇ ಬರದಿದ್ದರೆ ಅದನ್ನು ಸ್ಕ್ರಿಪ್ಟ್ ತುಂಬುತ್ತಿದೆ ಎಂದರ್ಥ. ಸ್ಕ್ರಿಪ್ಟ್ ಇಳಿಯುವ ಮೊದಲೇ ಸಂಪರ್ಕ ಕಡಿದ ಫೋನಿನಲ್ಲಿ ಕಾಣುವುದೂ ಇದೇ ಖಾಲಿ ಪುಟ. ಚಿತ್ರದ ಜಾಗದಲ್ಲಿ ಕಡತದ ಹೆಸರು ಕಂಡರೆ ಚಿತ್ರಕ್ಕೆ ಪರ್ಯಾಯ ಪಠ್ಯ ಬರೆದಿಲ್ಲ. ಅಲಂಕಾರದ ಚಿತ್ರವಾದರೆ ಪರ್ಯಾಯ ಪಠ್ಯವನ್ನು ಖಾಲಿ ಉದ್ಧರಣವಾಗಿ ಇಡಬೇಕೇ ಹೊರತು ಬಿಡಬಾರದು. ಖಾಲಿ ಇಟ್ಟರೆ ಲಿಂಕ್ಸ್ ಏನೂ ತೋರಿಸದೆ ಮುಂದೆ ಹೋಗುತ್ತದೆ, ಬಿಟ್ಟರೆ ಓದುಗರು ಅಂಕಿಗಳಿಂದ ತುಂಬಿದ ಕಡತನಾಮ ಕೇಳಬೇಕಾಗುತ್ತದೆ. ತಲೆಬರಹವನ್ನೇ ಚಿತ್ರವಾಗಿ ಹಾಕಿದ್ದರೆ ಅಲ್ಲಿ ತಲೆಬರಹವೇ ಇರುವುದಿಲ್ಲ. ಆಮೇಲೆ ಪುಟವನ್ನು ಲಿಂಕ್ಸ್‌ನಲ್ಲೇ ತೆರೆದು ಕೆಳಬಾಣ ಒತ್ತುತ್ತ ಕೊಂಡಿಗಳ ಮೇಲೆ ಒಂದೊಂದಾಗಿ ಸಾಗಿ ನೋಡಿ. ‘ಮುಂದೆ ಓದಿ’, ‘ಮುಂದೆ ಓದಿ’ ಎಂದೇ ಇಪ್ಪತ್ತು ಕೊಂಡಿ ಬಂದರೆ, ಸ್ಕ್ರೀನ್ ರೀಡರ್‌ನಲ್ಲಿ ಕೊಂಡಿಗಳ ಪಟ್ಟಿ ತೆರೆದು ಓದುವವರಿಗೆ ಕೇಳಿಸುವುದೂ ಅಷ್ಟೇ. ಕೊಂಡಿಯನ್ನು ತಲೆಬರಹದ ಮೇಲೆಯೇ ಇಡಿ. ಕೆಳಗೆ ಜಾರಿದಷ್ಟೂ ತುಂಬಿಕೊಳ್ಳುವ ಪುಟವಾದರೆ, ಸ್ಕ್ರಿಪ್ಟ್ ಇಲ್ಲದವರಿಗೆ ಮುಂದಿನ ಪುಟ ಎಂಬ ಸಾದಾ ಕೊಂಡಿಯೊಂದು ತುದಿಯಲ್ಲಿರಲಿ.

ಈ ಪರೀಕ್ಷೆಯಲ್ಲಿ ಗೆದ್ದ ತಾಣ ಎಲ್ಲರಿಗೂ ಎಟುಕುತ್ತದೆ ಎಂದು ಅರ್ಥವಲ್ಲ. ಇಂದಿನ ಹೆಚ್ಚಿನ ಸ್ಕ್ರೀನ್ ರೀಡರ್‌ಗಳು ಪೂರ್ಣ ಬ್ರೌಸರ್‌ನೊಂದಿಗೆ, ಜಾವಾಸ್ಕ್ರಿಪ್ಟ್ ಸಮೇತ ಕೆಲಸ ಮಾಡುತ್ತವೆ. ಬಣ್ಣಗಳ ಅಂತರ, ಕೀಲಿಮಣೆಯಿಂದ ಮೆನು ತೆರೆಯುವಿಕೆ ಇಂಥವು ಲಿಂಕ್ಸ್‌ಗೆ ಕಾಣುವುದೇ ಇಲ್ಲ, ಅವಕ್ಕೆ ಬೇರೆ ಪರೀಕ್ಷೆ ಬೇಕು. ಹಾಗೆಯೇ ಡಂಪ್‌ನಲ್ಲಿ ಕಾಣದ, ಆದರೆ ಬ್ಯಾಕ್‌ಸ್ಲ್ಯಾಶ್ ಒತ್ತಿ ಮೂಲ ಸಂಕೇತದ ಮೊದಲ ಸಾಲುಗಳಲ್ಲೇ ನೋಡಬಹುದಾದ ಒಂದು ಸಂಗತಿ ಉಂಟು: ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ಕೆಎನ್ ಎಂದು ನಮೂದಾಗಿದೆಯೇ ಎಂಬುದು. ತಾಣದ ಅಚ್ಚನ್ನು ಬೇರೆ ಕಡೆಯಿಂದ ತಂದಾಗ ಅಲ್ಲಿ ಇಂಗ್ಲಿಷ್ ಎಂದೇ ಉಳಿದುಬಿಡುತ್ತದೆ, ಆಗ ಸ್ಕ್ರೀನ್ ರೀಡರ್ ಕನ್ನಡದ ಸುದ್ದಿಯನ್ನು ಇಂಗ್ಲಿಷ್ ದನಿಯಿಂದ ಓದಲು ಹೊರಟು ತಡವರಿಸುತ್ತದೆ. ತಿದ್ದಬೇಕಾದದ್ದು ಎರಡಕ್ಷರದ ಒಂದು ಸಂಕೇತ.

ಇಂತಿ,
ನಿಮ್ಮ ತಂತ್ರಜ್ಞಾನ ಪುಟದ ಓದುಗ